ಆಯಿಯ ಸೊಂಟದ ಕೀಲು ಬದಲಾಯಿತು, ಈಗ ಮನೆ ಸ್ವಲ್ಪ ಮೇಲೇಳಬೇಕು

ಪ್ರಶ್ನೆ: ನಮ್ಮದು ಕುಮಟಾ ಹತ್ತಿರದ ಹಳ್ಳಿ. ಆಯಿಗೆ 67 ವರ್ಷ. ಎಡಗಡೆ ಸೊಂಟದ ಕೀಲು ಪೂರ್ತಿ ಸವೆದಿತ್ತು. ಮಂಗಳೂರಿನಲ್ಲಿ ಕೀಲು ಬದಲಾಯಿಸುವ ಆಪರೇಶನ್ ಆಗಿ 11 ದಿನ ಆಯಿತು. ಮನೆಗೆ ಬಂದು ಆರು ದಿನ. ವಾಕರ್ ಹಿಡಿದು ಜಗಲಿಯವರೆಗೆ ನಡೆಯುತ್ತಾಳೆ. ನೋಡಲು ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಮೂರು ತಿಂಗಳು ಮಲಗಿಯೇ ಇರಬೇಕು ಅಂತ ಒಬ್ಬರು, ಎಣ್ಣೆ ಹಚ್ಚಿ ತಿಕ್ಕಿ ಅಂತ ಇನ್ನೊಬ್ಬರು. ಸಂಜೆ ಹೊತ್ತಿಗೆ ಪಾದ ಊದುತ್ತದೆ. ಎಡಗಾಲು ಉದ್ದ ಆದ ಹಾಗೆ ಅನಿಸುತ್ತದೆ ಅಂತಾಳೆ. ಬಚ್ಚಲು, ಪಾಯಿಖಾನೆ ಮನೆಯ ಹಿಂದೆ ಇವೆ, ಎರಡು ಮೆಟ್ಟಿಲು ಇಳಿಯಬೇಕು. ಇನ್ನು ನಾಲ್ಕು ವಾರಕ್ಕೆ ಶಿರಸಿಯಲ್ಲಿ ಚಿಕ್ಕಿಯ ಮಗಳ ಮದುವೆ. ಆಯಿ ಹೋಗಬಹುದಾ? ಅಲ್ಲಿಯವರೆಗೆ ನಾವು ಏನೆಲ್ಲ ನೋಡಿಕೊಳ್ಳಬೇಕು?

ಉತ್ತರ: ಮೊದಲು ಆ ಮಲಗಿಸುವ ಮಾತನ್ನು ಬಿಟ್ಟುಬಿಡಿ. ಸೊಂಟ ಮುರಿದವರ ಕಾಲಿಗೆ ಭಾರ ಕಟ್ಟಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದ ಕಾಲ ಒಂದಿತ್ತು. ಹೇಳುವವರು ಅದನ್ನು ಕಣ್ಣಾರೆ ಕಂಡಿರುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ನಿಮ್ಮ ಆಯಿಗೆ ಆಗಿದ್ದು ಬೇರೆ. ತೊಡೆಮೂಳೆಯ ತುದಿಯಲ್ಲಿರುವ ಗುಂಡು ಮತ್ತು ಅದು ಕೂರುವ ಸೊಂಟದ ಬಟ್ಟಲು, ಸವೆದ ಈ ಎರಡನ್ನೂ ತೆಗೆದು ಹೊಸದು ಕೂರಿಸಿದ್ದಾರೆ. ಹೊಸ ಕೀಲು ಭಾರ ಹೊರುವುದಕ್ಕೇ ಇರುವುದು. ಅದಕ್ಕಾಗಿಯೇ ಆಸ್ಪತ್ರೆಯಲ್ಲಿ ಆಪರೇಶನ್ ಆದ ದಿನ ಅಥವಾ ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ಕೆಲವರಿಗೆ ಮಾತ್ರ ‘ಅರ್ಧ ಭಾರ ಹಾಕಿ’ ಅಂತ ಬರೆದಿರುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಏನಿದೆ ನೋಡಿಕೊಳ್ಳಿ, ಅದೇ ಕೊನೆಯ ಮಾತು.

ಹಾಗಾದರೆ ಇಷ್ಟೊಂದು ಕಟ್ಟುಪಾಡು ಯಾಕೆ ಅಂತ ನೀವು ಕೇಳಬಹುದು. ಹೊಸ ಕೀಲಿನ ಲೋಹ ಗಟ್ಟಿ ಇದೆ, ಅದರ ಸುತ್ತಲಿನ ಮಾಂಸ ಇನ್ನೂ ಗಟ್ಟಿಯಾಗಿಲ್ಲ. ಕೀಲಿನ ಸುತ್ತ ಒಂದು ಚೀಲ ಇರುತ್ತದೆ, ಅದರ ಮೇಲೆ ಸ್ನಾಯು. ಹಿಂಬದಿಯಿಂದ ಆಪರೇಶನ್ ಮಾಡಿದಾಗ ಅಲ್ಲಿ ಬಿಡಿಸಿ, ಒಳಗಿನ ಕೆಲಸ ಮುಗಿಸಿ, ಮತ್ತೆ ಹೊಲಿಯುತ್ತಾರೆ. ಆ ಹೊಲಿಗೆ ಕೂಡಿ ಬಿಗಿಯಾಗಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ಗುಂಡು ಹಿಂದಕ್ಕೆ ಜಾರಿ ಬಟ್ಟಲಿನಿಂದ ಹೊರಬರದಂತೆ ಕಾಯಬೇಕು.

ಜಾರುವುದು ಮೂರು ಭಂಗಿಯಲ್ಲಿ. ತೊಡೆ ಹೊಟ್ಟೆಯ ಕಡೆಗೆ 90 ಡಿಗ್ರಿಗಿಂತ ಜಾಸ್ತಿ ಮಡಚಿದಾಗ. ಒಂದು ಕಾಲನ್ನು ಇನ್ನೊಂದರ ಮೇಲೆ ದಾಟಿಸಿದಾಗ. ಪಾದ ಒಳಮುಖ ತಿರುಗಿದಾಗ. ಎರಡು ಮೂರು ಒಟ್ಟಿಗೆ ಸೇರಿದರೆ ಅಪಾಯ ಇನ್ನೂ ಹೆಚ್ಚು. ಚೀಟಿಯಲ್ಲಿ ‘ಪೋಸ್ಟೀರಿಯರ್’ (ಹಿಂಬದಿಯಿಂದ ಮಾಡಿದ್ದು) ಅಂತ ಇದ್ದರೆ ಈ ಮೂರೂ ನಿಮ್ಮ ಆಯಿಗೆ ಅನ್ವಯ. ‘ಆಂಟೀರಿಯರ್’ (ಮುಂಬದಿಯಿಂದ ಮಾಡಿದ್ದು) ಅಂತ ಇದ್ದರೆ ನಿಯಮ ಬೇರೆ. ಅವರು ಕಾಲನ್ನು ಹಿಂದಕ್ಕೆ ಚಾಚುವುದು, ಪಾದ ಹೊರಗೆ ತಿರುಗಿಸುವುದು ಬೇಡ. ಯಾವುದು ಅಂತ ತಿಳಿಯದಿದ್ದರೆ ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ.

ನಾನು ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಶಿರಸಿ ಕಡೆಯ ಒಂದು ಮನೆಯಲ್ಲಿ ಕಂಡದ್ದು ಹೇಳುತ್ತೇನೆ. ಆಪರೇಶನ್ ಆಗಿ ನಾಲ್ಕನೇ ವಾರ. ನಡಿಗೆ ಚೆನ್ನಾಗಿತ್ತು, ನೋವೂ ಕಡಿಮೆ. ಆ ಅಮ್ಮ ಜಗಲಿಯಲ್ಲಿ ಕುರ್ಚಿ ಮೇಲೆ ಕೂತು, ತೊಡೆಯ ಮೇಲೆ ಮೊರ ಇಟ್ಟುಕೊಂಡು ಅಡಿಕೆ ಆರಿಸುತ್ತಿದ್ದರು. ಒಂದು ಅಡಿಕೆ ಉರುಳಿ ಕಾಲಿನ ಪಕ್ಕ ಬಿತ್ತು. ಹೆಕ್ಕೋಣ ಅಂತ ಬಗ್ಗಿದರು, ಪಾದ ತಾನಾಗಿ ಒಳಗೆ ತಿರುಗಿತು. ಟಕ್ ಅಂತ ಸದ್ದು. ಮತ್ತೆ ಏಳಲು ಆಗಲಿಲ್ಲ, ಕಾಲು ಗಿಡ್ಡ ಆಗಿ ಒಳಮುಖ ತಿರುಗಿತ್ತು. ಆಂಬುಲೆನ್ಸ್, ಮತ್ತೆ ಆಸ್ಪತ್ರೆ, ಅರಿವಳಿಕೆ ಕೊಟ್ಟು ಕೀಲನ್ನು ಕೂರಿಸಿದರು. ಆಮೇಲೆ ಗುಣವಾದರು. ಆದರೆ ಒಮ್ಮೆ ಜಾರಿದ ಕೀಲು ಇನ್ನೊಮ್ಮೆ ಜಾರುವ ಭಯ ಇದ್ದೇ ಇರುತ್ತದೆ. ಎರಡನೇ ವಾರದಲ್ಲಿ ನೋವೇ ಎಚ್ಚರಿಸುತ್ತದೆ. ನಾಲ್ಕನೇ ವಾರಕ್ಕೆ ನೋವು ಇರುವುದಿಲ್ಲ, ಎಲ್ಲರೂ ಮರೆಯುವುದು ಆಗಲೇ.

ನಮ್ಮ ಕಡೆಯ ಮನೆಗಳಲ್ಲಿ ಕೆಲಸ ಎಲ್ಲ ನೆಲದಲ್ಲೇ ನಡೆಯುತ್ತದೆ, ಅಲ್ವಾ? ಊಟ ಮಣೆಯ ಮೇಲೆ. ತರಕಾರಿ ಹೆಚ್ಚುವುದು ಮೆಟ್ಟುಗತ್ತಿಯಲ್ಲಿ, ಕಾಯಿ ತುರಿಯುವುದು ಹೆರೆಮಣೆಯಲ್ಲಿ. ದೇವರ ಮುಂದೆ ಚಕ್ಕಳಮಕ್ಕಳ, ಹೊಸಿಲ ಮುಂದೆ ಬಗ್ಗಿ ರಂಗೋಲಿ. ಅರವತ್ತು ವರ್ಷ ಹೀಗೆ ಬದುಕಿದವರಿಗೆ ‘ಬಗ್ಗಬೇಡ’ ಅಂತ ದಿನಕ್ಕೆ ಹತ್ತು ಸಲ ಹೇಳಿದರೂ ಮೈ ಕೇಳುವುದಿಲ್ಲ. ಅದಕ್ಕೇ ನಾನು ಮನೆಯವರಿಗೆ ಹೇಳುವುದು: ಆಯಿ ಕೆಳಗೆ ಹೋಗದ ಹಾಗೆ, ಕೆಳಗಿನದನ್ನೆಲ್ಲ ಮೇಲೆ ತನ್ನಿ.

ಒಂದು ಅಳತೆ ಟೇಪು ತೆಗೆದುಕೊಳ್ಳಿ. ಆಯಿ ಚಪ್ಪಲಿ ಹಾಕಿ ನಿಂತಿರುವಾಗ ನೆಲದಿಂದ ಮೊಣಕಾಲಿನ ಹಿಂಭಾಗದ ಮಡಿಕೆಯವರೆಗೆ ಅಳೆಯಿರಿ. ಅವರು ಕೂರುವ ಜಾಗ ಎಲ್ಲವೂ ಅದಕ್ಕಿಂತ ಎರಡು ಇಂಚಾದರೂ ಎತ್ತರ ಇರಬೇಕು. ಮಂಚ, ಕುರ್ಚಿ, ಕಮೋಡು, ಕಾರಿನ ಸೀಟು, ಎಲ್ಲ. ಮಂಚ ತಗ್ಗಿದ್ದರೆ ನಾಲ್ಕು ಕಾಲಿಗೂ ಮರದ ತುಂಡು ಕೊಡಿ. ತುಂಡಿನ ನಡುವೆ ಬಡಗಿಯಿಂದ ಕಾಲಿನ ಅಳತೆಯ ಕುಳಿ ತೆಗೆಸಿ. ಸುಮ್ನೆ ಕಲ್ಲಿನ ಮೇಲೆ ಇಟ್ಟರೆ ಒಂದು ದಿನ ಜಾರುತ್ತದೆ. ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಎರಡನ್ನು ಒಂದರ ಮೇಲೊಂದು ಕೂರಿಸಿದರೆ ಎತ್ತರವೂ ಬರುತ್ತದೆ, ಅಲುಗಾಟವೂ ಕಡಿಮೆ. ನುಣುಪು ನೆಲದಲ್ಲಿ ಅದನ್ನು ಗೋಡೆಗೆ ಒತ್ತಿ ಇಡಿ. ಹಳೆ ಮನೆಗಳ ಒರಗು ಕುರ್ಚಿ, ಮೆತ್ತನೆ ಸೋಫಾ ಎರಡೂ ಬೇಡ. ಕೂತರೆ ಸೊಂಟ ಮೊಣಕಾಲಿಗಿಂತ ಕೆಳಗೆ ಹೋಗುತ್ತದೆ, ಏಳುವಾಗ ಮೈ ಪೂರ್ತಿ ಮುಂದಕ್ಕೆ ಬಾಗಬೇಕಾಗುತ್ತದೆ.

ಏಳುವುದನ್ನು ಪಕ್ಕದಲ್ಲಿ ನಿಂತು ಒಂದೆರಡು ದಿನ ಗಮನಿಸಿ. ಮೊದಲು ಕುರ್ಚಿಯ ಅಂಚಿಗೆ ಸರಿಯಬೇಕು. ಎಡಗಾಲು ಮುಂದೆ ಚಾಚಿರಬೇಕು, ಬಲಗಾಲು ಹತ್ತಿರ. ಎರಡೂ ಕೈ ಕುರ್ಚಿಯ ಕೈಗಳ ಮೇಲೆ. ಬಲಗಾಲು ಮತ್ತು ಕೈಯ ಬಲದಿಂದ ಏಳಬೇಕು. ನಿಂತು, ಒಂದು ಉಸಿರು ಬಿಟ್ಟು, ಆಮೇಲೆ ವಾಕರ್ ಹಿಡಿಯಬೇಕು. ಹೆಚ್ಚಿನವರು ವಾಕರನ್ನೇ ಎಳೆದುಕೊಂಡು ಏಳುತ್ತಾರೆ. ವಾಕರ್ ಮಗುಚುತ್ತದೆ, ಅವರೂ ಬೀಳುತ್ತಾರೆ. ಕೂರುವಾಗಲೂ ಅಷ್ಟೇ. ಕುರ್ಚಿ ಕಾಲಿನ ಹಿಂಬದಿಗೆ ತಾಗುವವರೆಗೆ ಹಿಂದೆ ಬರಬೇಕು, ಎಡಗಾಲು ಮುಂದೆ ಚಾಚಬೇಕು, ಕೈಯಿಂದ ಕುರ್ಚಿ ಹುಡುಕಿ ನಿಧಾನ ಕೂರಬೇಕು. ತಿರುಗುವಾಗ ಎಡಗಾಲನ್ನು ನೆಲಕ್ಕೆ ಊರಿ ಅದರ ಮೇಲೆ ಮೈ ತಿರುಗಿಸುವುದು ಬೇಡ. ಸಣ್ಣ ಸಣ್ಣ ಹೆಜ್ಜೆ ಇಟ್ಟು ಸುತ್ತು ಬರಲಿ.

ಬಿದ್ದದ್ದನ್ನು ಹೆಕ್ಕಲು, ಲಂಗ ಮೇಲೆಳೆಯಲು ಒಂದು ಸಣ್ಣ ದೋಟಿ ಮಾಡಿಕೊಡಿ. ಹೂ ಕೊಯ್ಯುವ ದೋಟಿ ಮನೆಯಲ್ಲಿ ಇದ್ದೇ ಇರುತ್ತದೆ, ಅದರ ಮರಿ ಅಂದುಕೊಳ್ಳಿ. ಎರಡೂವರೆ ಅಡಿ ಕೋಲು, ತುದಿಗೆ ಕೊಕ್ಕೆ. ಬಟ್ಟೆ ಹಾಕುವಾಗ ಆಪರೇಶನ್ ಆದ ಕಾಲು ಮೊದಲು, ತೆಗೆಯುವಾಗ ಅದೇ ಕೊನೆಗೆ.

ಇನ್ನು ಬಚ್ಚಲಿನ ವಿಷಯ. ಕುಕ್ಕರಗಾಲಿನಲ್ಲಿ ಕೂರುವುದು ಈಗ ಬೇಡವೇ ಬೇಡ. ಪಾಶ್ಚಾತ್ಯ ಕಮೋಡು ಕಟ್ಟಿಸುವವರೆಗೆ ಕಾಯಬೇಕಿಲ್ಲ. ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಕಮೋಡು ಕುರ್ಚಿ ಸಿಗುತ್ತದೆ, ಕೆಲವು ಕಡೆ ಬಾಡಿಗೆಗೂ ಕೊಡುತ್ತಾರೆ. ರಾತ್ರಿ ಅದು ಮಂಚದ ಪಕ್ಕ ಇರಲಿ. ಹಗಲು ಅದರ ಬಟ್ಟಲು ತೆಗೆದು ದೇಶಿ ಪಾಯಿಖಾನೆಯ ಮೇಲೆ ಇಟ್ಟರೆ ಕೆಲಸ ಆಗುತ್ತದೆ. ನಾಲ್ಕು ಕಾಲೂ ಸಮ ಊರಿದೆಯಾ ಅಂತ ನೀವೇ ಒಮ್ಮೆ ಕೂತು ನೋಡಿ. ಸ್ನಾನಕ್ಕೆ ಎತ್ತರದ ಸ್ಟೂಲು. ನೀರಿನ ಬಕೆಟನ್ನೂ ಇನ್ನೊಂದು ಸ್ಟೂಲಿನ ಮೇಲೆ ಇಡಿ. ಸ್ಟೂಲು ಎತ್ತರ ಇದ್ದು ಬಕೆಟು ನೆಲದಲ್ಲಿದ್ದರೆ ಪ್ರತಿ ಚೊಂಬಿಗೂ ಬಗ್ಗಬೇಕಲ್ಲ! ಕಾಲು ತೊಳೆಯುವುದನ್ನು ಬೇರೆಯವರು ಮಾಡಲಿ. ಹೊಲಿಗೆ ತೆಗೆದು ಗಾಯ ಒಣಗುವವರೆಗೆ ಅಲ್ಲಿಗೆ ನೀರು ತಾಗಿಸಬೇಡಿ, ಮೈ ಒರೆಸಿದರೆ ಸಾಕು.

ಆ ಎರಡು ಮೆಟ್ಟಿಲಿನ ಪಕ್ಕ ಒಂದು ಕಬ್ಬಿಣದ ಪೈಪು ಹಾಕಿಸಿ. ಹತ್ತುವಾಗ ಬಲಗಾಲು ಮೊದಲು. ಇಳಿಯುವಾಗ ಎಡಗಾಲು ಮೊದಲು. ನೀವು ಯಾವಾಗಲೂ ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಇರಬೇಕು. ಹೊಸಿಲು ದಾಟುವುದಕ್ಕೂ ಇದೇ ಲೆಕ್ಕ. ಚಾಪೆ, ಕಾಲೊರೆಸು, ದಾರಿಯಲ್ಲಿರುವ ವೈರು ತೆಗೆದುಬಿಡಿ. ಬೆಕ್ಕಿದ್ದರೆ ಅದರ ಮೇಲೂ ಒಂದು ಕಣ್ಣಿರಲಿ. ಮಳೆ ಹಿಡಿದರೆ ಹಿತ್ತಲಿನ ಕಲ್ಲಿಗೆ ಪಾಚಿ ಬರುತ್ತದೆ, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ. ಕರೆಂಟು ಹೋಗುವ ಕಾಲ, ದಿಂಬಿನ ಬದಿಯಲ್ಲಿ ಟಾರ್ಚ್ ಇರಲಿ. ವಾಕರ್ ಕಾಲಿನ ರಬ್ಬರ್ ಬುಷ್ ಸವೆದಿದೆಯಾ ನೋಡಿ. ಬದಲಿಸುವ ಖರ್ಚು ತೀರಾ ಕಡಿಮೆ.

ಎಣ್ಣೆ ತಿಕ್ಕುವುದು ಬೇಡ. ಹೊಲಿಗೆಯ ಮೇಲೆ ಎಣ್ಣೆ, ಅರಿಶಿನ ಏನೂ ಹಚ್ಚಬೇಡಿ. ಗಾಯ ಒಣಗಿರಬೇಕು, ಸ್ವಚ್ಛ ಇರಬೇಕು. ಅದಕ್ಕಿಂತ ದೊಡ್ಡ ಕಾರಣ ಮೀನಖಂಡದ್ದು. ಈ ಆಪರೇಶನ್ ಆದವರಿಗೆ ಮೊದಲ ವಾರಗಳಲ್ಲಿ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇರುತ್ತದೆ. ಅಲ್ಲಿ ಜೋರಾಗಿ ತಿಕ್ಕಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಜೀವಕ್ಕೇ ಕುತ್ತು. ಅದನ್ನು ತಡೆಯಲು ರಕ್ತ ತೆಳು ಮಾಡುವ ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಅದು 28ರಿಂದ 35 ದಿನ. ತಂದ ಪಟ್ಟಿ ಮುಗಿಯಿತು ಅಂತ ನಿಲ್ಲಿಸಬೇಡಿ, ಚೀಟಿಯಲ್ಲಿ ಎಷ್ಟು ದಿನ ಇದೆಯೋ ಅಷ್ಟೂ ದಿನ ಕೊಡಿ. ಆ ಔಷಧ ನಡೆಯುತ್ತಿರುವಾಗ ಅಂಗಡಿಯಿಂದ ಬೇರೆ ನೋವಿನ ಮಾತ್ರೆ ತಂದು ಕೊಡಬೇಡಿ. ಹೊಟ್ಟೆಯೊಳಗೆ ರಕ್ತ ಸೋರಬಹುದು. ಇನ್ನೊಂದು ಮಾತು, ಇದು ನಮ್ಮ ಕಡೆಗೆ ಮಾತ್ರ. ಮಳೆ ಬಂದರೆ ತೋಟದಲ್ಲಿ ಉಂಬಳ. ರಕ್ತ ತೆಳು ಇರುವಾಗ ಉಂಬಳ ಕಚ್ಚಿದರೆ ರಕ್ತ ಬೇಗ ನಿಲ್ಲುವುದಿಲ್ಲ. ತೋಟ ನೋಡಿ ಬರುತ್ತೇನೆ ಅಂದರೆ ಈ ವರ್ಷ ಜಗಲಿಯಿಂದಲೇ ನೋಡಲಿ.

ಸಂಜೆ ಪಾದ ಊದುವುದು ಹೆಚ್ಚಿನವರಿಗೆ ಆಗುತ್ತದೆ. ಬೆಳಿಗ್ಗೆ ಇಳಿದಿದ್ದರೆ ಗಾಬರಿ ಬೇಡ. ಹಗಲಿಡೀ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊತ ಜಾಸ್ತಿ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಅಂಗಾತ ಮಲಗಿ, ಮೀನಖಂಡ ಮತ್ತು ಪಾದದ ಕೆಳಗೆ ದಿಂಬು ಕೊಟ್ಟು ಕಾಲು ಎತ್ತರಿಸಲಿ. ಆದರೆ ಮೀನಖಂಡ ಬಿಗಿಯಾಗಿ, ಬಿಸಿಯಾಗಿ, ಮುಟ್ಟಿದರೆ ನೋವಾದರೆ, ಅಥವಾ ಒಂದೇ ಕಾಲು ಮೇಲಿನವರೆಗೆ ಊದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹಠಾತ್ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕೆಮ್ಮಿದಾಗ ರಕ್ತ ಬಂದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ. ಗಾಯದಿಂದ ಹೊಸದಾಗಿ ನೀರು, ಕೀವು ಬಂದರೆ, ಸುತ್ತ ಕೆಂಪು ಹರಡಿದರೆ, ಚಳಿ ಜ್ವರ ಬಂದರೆ ಆಪರೇಶನ್ ಮಾಡಿದ ಡಾಕ್ಟರಿಗೆ ತಿಳಿಸಿ. ಸ್ಥಳೀಯವಾಗಿ ಸುಮ್ನೆ ಒಂದು ಕೋರ್ಸ್ ಆಂಟಿಬಯಾಟಿಕ್ ನುಂಗಿಸಿ ನೋಡೋಣ ಅನ್ನಬೇಡಿ. ಹೊಸ ಕೀಲಿಗೆ ಸೋಂಕು ತಗುಲಿದರೆ ತೆಗೆಯುವುದು ಬಹಳ ಕಷ್ಟ. ಮೂತ್ರದ ಉರಿ, ಕಾಲ್ಬೆರಳ ಸಂದಿಯ ಹುಣ್ಣು, ಹಲ್ಲಿನ ಕೀವು ಇಂಥವನ್ನೂ ಹಗುರ ಮಾಡಬೇಡಿ. ಅಲ್ಲಿಂದ ರಕ್ತದ ಮೂಲಕ ರೋಗಾಣು ಕೀಲಿಗೆ ಹೋಗಬಲ್ಲದು.

ಕಾಲು ಉದ್ದ ಆದಂತೆ ಅನಿಸುವುದು ನಾನು ಪ್ರತಿ ಎರಡನೇ ಮನೆಯಲ್ಲಿ ಕೇಳುವ ಮಾತು. ವರ್ಷಗಟ್ಟಲೆ ಕೀಲು ಸವೆದು ಕಾಲು ಗಿಡ್ಡ ಆಗಿತ್ತು. ಸೊಂಟ ಓರೆ ಮಾಡಿ ನಡೆಯುವುದೇ ರೂಢಿ ಆಗಿತ್ತು. ಈಗ ಕೀಲು ಸರಿಯಾದ ಅಳತೆಗೆ ಬಂದಿದೆ, ಸ್ನಾಯು ಇನ್ನೂ ಹಳೆಯ ಓರೆಯಲ್ಲೇ ಇದೆ. ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಬೇಕು. ಅವಸರಪಟ್ಟು ಬಲಗಾಲಿನ ಚಪ್ಪಲಿಗೆ ಅಟ್ಟೆ ಏರಿಸಬೇಡಿ. ಓರೆ ಅಲ್ಲೇ ನಿಂತುಬಿಡುತ್ತದೆ.

ವ್ಯಾಯಾಮ ಆಸ್ಪತ್ರೆಯಲ್ಲಿ ಕಲಿಸಿದ್ದೇ ಸಾಕು. ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದು, ಎಚ್ಚರ ಇರುವಾಗ ಗಂಟೆಗೊಮ್ಮೆ. ಮೊಣಕಾಲನ್ನು ಹಾಸಿಗೆಗೆ ಒತ್ತಿ ಐದು ಎಣಿಸುವುದು. ಕುಂಡೆಯ ಸ್ನಾಯು ಬಿಗಿ ಹಿಡಿದು ಬಿಡುವುದು. ನಡಿಗೆ ಒಂದೇ ಸಲ ಅರ್ಧ ಗಂಟೆ ಬೇಡ. ಐದೈದು ನಿಮಿಷ, ದಿನಕ್ಕೆ ಐದಾರು ಸಲ, ವಾರ ಕಳೆದಂತೆ ಸ್ವಲ್ಪ ಸ್ವಲ್ಪ ಜಾಸ್ತಿ. ವಾಕರ್ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಆಮೇಲೆ ಕೋಲು. ಕೋಲು ಬಲಗೈಯಲ್ಲಿ ಇರಬೇಕು, ಆಪರೇಶನ್ ಆದ ಕಾಲಿನ ಎದುರು ಬದಿ. ಎಲ್ಲರೂ ನೋವಿರುವ ಕಡೆಗೇ ಹಿಡಿಯುತ್ತಾರೆ, ಆಗ ಭಾರವೆಲ್ಲ ಅದೇ ಕೀಲಿನ ಮೇಲೆ ವಾಲುತ್ತದೆ. ರಾತ್ರಿ ಅಂಗಾತ ಮಲಗಿ ಕಾಲುಗಳ ನಡುವೆ ದಪ್ಪ ದಿಂಬು ಇಟ್ಟುಕೊಳ್ಳಲಿ. ನಿದ್ದೆಯಲ್ಲಿ ಕಾಲು ದಾಟದಂತೆ ಅದೇ ಕಾವಲು.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಮ್ಮಲ್ಲಿ ಗಾಯ ಇದ್ದವರಿಗೆ ‘ನಂಜು’ ಅಂತ ಒಂದೊಂದೇ ತೆಗೆಯುತ್ತಾ ಹೋಗುತ್ತಾರೆ. ಬದನೆ ನಂಜು, ಉದ್ದು ನಂಜು, ಹಲಸು ನಂಜು. ಕರಾವಳಿಯ ಮನೆಗಳಲ್ಲಿ ಬಂಗಡೆ ನಂಜು, ಮೊಟ್ಟೆ ನಂಜು. ಕೊನೆಗೆ ಉಳಿಯುವುದು ಗಂಜಿ ಮತ್ತು ಉಪ್ಪಿನಕಾಯಿ. ಗಾಯ ಕೂಡುವುದೇ ಪ್ರೋಟೀನ್‌ನಿಂದ, ಅದನ್ನೇ ಕಸಿದುಕೊಂಡರೆ ಹೇಗೆ? ಬೇಳೆ, ಹೆಸರು, ಹುರುಳಿ ಸಾರು, ಹಾಲು, ಮೊಸರು ಚೆನ್ನಾಗಿ ಕೊಡಿ. ತಿನ್ನುವವರಿಗೆ ಮೀನು, ಮೊಟ್ಟೆ ಧಾರಾಳ ಕೊಡಿ. ಹಿಂದೆ ತಿಂದು ಅಲರ್ಜಿ ಆದದ್ದು ಇದ್ದರೆ ಮಾತ್ರ ಬಿಡಿ. ನೋವಿನ ಔಷಧಕ್ಕೆ ಮಲ ಗಟ್ಟಿಯಾಗುತ್ತದೆ. ಪಪ್ಪಾಯಿ, ಸೊಪ್ಪು, ಬೇಕಾದಷ್ಟು ನೀರು ಇರಲಿ. ರಾತ್ರಿ ಏಳಬೇಕಾಗುತ್ತದೆ ಅಂತ ಹೆಂಗಸರು ನೀರೇ ಕುಡಿಯುವುದಿಲ್ಲ. ಮಂಚದ ಪಕ್ಕದ ಕಮೋಡು ಅದಕ್ಕೂ ಉತ್ತರ.

ಎರಡು ಮೂರನೇ ವಾರದಲ್ಲಿ ನಿದ್ದೆ ಬಾರದೆ, ಸಣ್ಣದಕ್ಕೂ ಕಣ್ಣೀರು ಬರುವುದು ಸಾಮಾನ್ಯ. ಮನೆ ನಡೆಸಿದವರು ಸುಮ್ಮನೆ ಕೂತು ಇನ್ನೊಬ್ಬರ ಕೈಯ ನೀರು ಕಾಯುವುದು ಸುಲಭ ಅಲ್ಲ. ಅವರಿಗೆ ಕೆಲಸ ಕೊಡಿ. ಎದೆಯೆತ್ತರದ ಮೇಜು, ಮೇಲೆ ಹಲಗೆ ಮತ್ತು ಚಾಕು, ಅಲ್ಲೇ ಬೀನ್ಸ್ ಹೆಚ್ಚಲಿ. ಹೂ ಕಟ್ಟಲಿ. ಸಾಸಿವೆ ಡಬ್ಬಿ, ಕಾಫಿ ಪುಡಿ ಕೆಳಗಿನ ಗೂಡಿನಿಂದ ಸೊಂಟದೆತ್ತರಕ್ಕೆ ಬಂದರೆ ತಮ್ಮ ಕಾಫಿ ತಾವೇ ಮಾಡಿಕೊಳ್ಳುತ್ತಾರೆ. ಹತ್ತು ನಿಮಿಷ ಒಲೆಯ ಮುಂದೆ ನಿಲ್ಲುವುದೂ ವ್ಯಾಯಾಮವೇ. ನಾನು ಕಂಡ ಹಾಗೆ ಬೇಗ ಚೇತರಿಸಿಕೊಂಡವರು ಹೀಗೆ ಒಂದಿಷ್ಟು ಕೆಲಸ ಕೈಯಲ್ಲಿ ಇದ್ದವರು.

ಈಗ ಮದುವೆ. ಆ ಹೊತ್ತಿಗೆ ಆರನೇ ವಾರ ನಡೆಯುತ್ತಿರುತ್ತದೆ. ಗಾಯ ಒಣಗಿ, ಜ್ವರ ಇಲ್ಲದೆ, ಮನೆಯಲ್ಲಿ ಧೈರ್ಯವಾಗಿ ನಡೆಯುತ್ತಿದ್ದು, ಡಾಕ್ಟರು ಒಪ್ಪಿದರೆ ಹೋಗಬಹುದು. ಬಸ್ಸು, ರಿಕ್ಷಾ ಬೇಡ, ಕಾರಿನಲ್ಲಿ ಮುಂದಿನ ಸೀಟು. ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನು ಸ್ವಲ್ಪ ಒರಗಿಸಿ. ಸೀಟು ತಗ್ಗಿದ್ದರೆ ಕಂಬಳಿ ಮಡಚಿ ಹಾಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಇಟ್ಟರೆ ತಿರುಗಲು ಸುಲಭ. ಕಾರಿಗೆ ಬೆನ್ನು ಮಾಡಿ ನಿಲ್ಲಲಿ, ಎಡಗಾಲು ಚಾಚಿ ಕೂರಲಿ, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತರಲಿ. ಹೊರಡುವಾಗ ಕಾರನ್ನು ಮೆಟ್ಟಿಲಿನ ಪಕ್ಕ ಅಲ್ಲ, ಸಮ ನೆಲದಲ್ಲಿ ನಿಲ್ಲಿಸಿ. ದೇವಿಮನೆ ಘಟ್ಟದ ತಿರುವಿನಲ್ಲಿ ನಿಧಾನ ಓಡಿಸಿ, ಘಟ್ಟ ಹತ್ತಿದ ಮೇಲೆ ಒಂದು ಕಡೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ. ಆ ಎತ್ತರದ ಕುರ್ಚಿ, ದೋಟಿ, ವಾಕರ್ ಡಿಕ್ಕಿಯಲ್ಲಿ ಇರಲಿ. ಅಲ್ಲಿ ಪಂಕ್ತಿ ನೆಲದಲ್ಲಿದ್ದರೆ ಆಯಿಗೆ ಬೇರೆ ಮೇಜು ಹಾಕಿಸಿ. ಹಿರಿಯರಿಗೆ ನಮಸ್ಕಾರ ನಿಂತಲ್ಲೇ ಕೈಮುಗಿದರೆ ಆಯಿತು. ಆಯಿಯ ಕಾಲಿಗೆ ಬೀಳುವ ಮಕ್ಕಳು ವಾಕರಿಗೆ ತಾಗದ ಹಾಗೆ ಪಕ್ಕದಲ್ಲಿ ಒಬ್ಬರು ನಿಂತಿರಲಿ. ಧಾರೆ ನೋಡಿ, ಊಟ ಮಾಡಿ, ಎರಡು ಗಂಟೆಗಿಂತ ಹೆಚ್ಚು ಕೂರಿಸದೆ ಚಿಕ್ಕಿಯ ಮನೆಗೆ ಕರೆದುಕೊಂಡು ಹೋಗಿ ಮಲಗಿಸಿ, ಮರುದಿನ ಮರಳಿ. ಅಂದಹಾಗೆ ಚಿಕ್ಕಿಗೆ ಇವತ್ತೇ ಫೋನ್ ಮಾಡಿ ಎರಡು ವಿಷಯ ಕೇಳಿಡಿ: ಕಲ್ಯಾಣ ಮಂಟಪಕ್ಕೆ ಎಷ್ಟು ಮೆಟ್ಟಿಲು, ಅಲ್ಲಿನ ಪಾಯಿಖಾನೆ ಯಾವ ತರದ್ದು.